ಕೆಂಪು ಯಾವುದೆಂದು ಅವನು ಕೇಳಿದಾಗ

ಎಡಗಡೆಯ ತಂತಿ ಕೆಂಪಲ್ಲ, ಹಸಿರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಇಲಿಯಾಸನಿಗೆ ಎಡಗಡೆಯದೇ ಕೆಂಪು ಎಂದು ಹೇಳಿದೆ. ಬಾಯಿತಪ್ಪಿ ಬಂದ ಮಾತಲ್ಲ, ಗಡಿಬಿಡಿಯಲ್ಲಿ ಆದ ಪ್ರಮಾದವೂ ಅಲ್ಲ. ಎರಡೂ ತಂತಿಗಳನ್ನು ಚೆನ್ನಾಗಿ ನೋಡಿ, ಅವನ ಮುಖವನ್ನೂ ನೋಡಿ, ಆಮೇಲೆ ಹೇಳಿದ ಸುಳ್ಳು ಅದು.

ಅವನು ನನ್ನನ್ನು ಕೇಳಿದ್ದು ಯಾಕೆಂದರೆ — ಅವನಿಗೆ ಕೆಂಪು ಹಸಿರುಗಳ ಭೇದ ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ. ಎರಡೂ ಅವನಿಗೆ ಒಣಹುಲ್ಲಿನಂಥ ಒಂದೇ ಬಣ್ಣ. ಈ ವಿಷಯ ಅವನ ತಾಯಿಯನ್ನು ಬಿಟ್ಟರೆ ಪಾಂಡವಪುರದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಯಾರಿಗೂ ಹೇಳುವುದಿಲ್ಲವೆಂದು ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೆ.

ನಾವಿಬ್ಬರೂ ಒಬ್ಬನೇ ಮೇಸ್ತ್ರಿಯ ಹತ್ತಿರ ವಾಹನಗಳ ವೈರಿಂಗ್ ಕೆಲಸ ಕಲಿತವರು. ನಾನು ಶ್ರೀರಂಗಪಟ್ಟಣದವನು, ಹೆಸರು ಸಂಪತ್. ನಮ್ಮ ತಂದೆ ದೇವಸ್ಥಾನದ ಅಡುಗೆಮನೆಯಲ್ಲಿದ್ದರು. ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಯಾರೋ ಕರೆತಂದು ಪಾಂಡವಪುರದ ಆ ಗ್ಯಾರೇಜಿಗೆ ಸೇರಿಸಿದರು. ಇಲಿಯಾಸ್ ಅಲ್ಲಿಯವನೇ, ಅವನ ತಂದೆ ಲಾರಿ ಚಾಲಕರಾಗಿದ್ದು ತೀರಿಕೊಂಡಿದ್ದರು. ಕೆಲಸ ಕಲಿಯುವಾಗ ಒಮ್ಮೆ ಮೇಸ್ತ್ರಿ ಕೆಂಪು ತಂತಿ ಕೇಳಿದರೆ ಇಲಿಯಾಸ್ ಹಸಿರು ಕೊಟ್ಟ. ಬೈಗುಳ ತಿಂದು ಹೊರಗೆ ಬಂದವನು ಟೈರಿನ ರಾಶಿಯ ಮೇಲೆ ಕುಳಿತು ನನ್ನೆದುರು ಬಾಯಿಬಿಟ್ಟ. "ಸಂಪತ್ತು, ಇದು ಗೊತ್ತಾದ್ರೆ ನನ್ನ ಇಲ್ಲಿಂದ ಓಡುಸ್ಬುಡ್ತಾರೆ ಕಣ್ಲಾ. ಯಾರ್ಗೂ ಏಳ್ಬೇಡ." ಅಂದಿನಿಂದ ನಾನು ಅವನ ಪಕ್ಕದಲ್ಲೇ ಕೂರತೊಡಗಿದೆ. ಅವನು ತಂತಿ ಎತ್ತಿ ಹಿಡಿಯುತ್ತಿದ್ದ, ನಾನು ಬಣ್ಣ ಹೇಳುತ್ತಿದ್ದೆ. ನೋಡುವವರಿಗೆ ಅದು ಇಬ್ಬರು ಗೆಳೆಯರ ಮಾತುಕತೆಯಂತೆ ಕಾಣುತ್ತಿತ್ತು.

ಮುಂದೆ ಇಬ್ಬರೂ ಸೇರಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಅಂಗಡಿ ಇಟ್ಟೆವು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತು. ಆದರೆ ಬಂದವರೆಲ್ಲ ಕೇಳುತ್ತಿದ್ದದ್ದು — ಇಲಿಯಾಸ್ ಇದಾನಾ? ಅವನು ಇಲ್ಲವೆಂದರೆ ಆಮೇಲೆ ಬರ್ತೀವಿ ಎಂದು ಹೋಗಿಬಿಡುತ್ತಿದ್ದರು. ನಾನು ಅಲ್ಲೇ ಕೈಯಲ್ಲಿ ಟೆಸ್ಟರು ಹಿಡಿದು ನಿಂತಿರುತ್ತಿದ್ದೆ. ಅವನ ಕೈಗೆ ಏನೋ ಒಂದು ಇತ್ತು. ಬಣ್ಣ ಕಾಣದಿದ್ದುದಕ್ಕೋ ಏನೋ, ಪ್ರತಿಯೊಂದು ತಂತಿಯ ದಾರಿಯನ್ನೂ ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದು ಗಾಡಿಯ ವೈರಿಂಗನ್ನು ಒಮ್ಮೆ ಬಿಚ್ಚಿದರೆ ಅದು ಅವನಿಗೆ ಬಾಯಿಪಾಠ. ನಾನು ಅಷ್ಟೇನೂ ಕಡಿಮೆಯವನಲ್ಲ ಎಂದುಕೊಳ್ಳುತ್ತಿದ್ದೆ. ಅವನ ಕಣ್ಣು ನಾನು, ನಾನಿಲ್ಲದಿದ್ದರೆ ಅವನೆಲ್ಲಿ — ಹೀಗೆ. ಈ ಯೋಚನೆ ಒಳಗೊಳಗೇ ಕೊಳೆಯುತ್ತಾ ಹೋಯಿತು. ಊರಿಗೆ ಹೋದಾಗ ಚಿಕ್ಕಪ್ಪ ಒಬ್ಬರು, "ಏನಯ್ಯಾ, ಆ ಸಾಬರ ಹುಡುಗನ ಕೈಕೆಳಗೆ ಇನ್ನೂ ಹೆಲ್ಪರ್ರೇ ಏನು ನೀನು?" ಎಂದು ಎಲೆಯ ಮುಂದೆ ಕುಳಿತು ನಕ್ಕರು. ನಾನೂ ನಕ್ಕೆ. ಮಜ್ಜಿಗೆಗೆ ಕಾಯದೆ ಎದ್ದುಬಿಟ್ಟೆ.

ಹಾಗಿರುವಾಗ ಸಿಂಧಘಟ್ಟದ ದಿಲೀಪ ತನ್ನ ಜೀಪು ತಂದ. ಕೆಸರಿನ ಓಟಗಳಲ್ಲಿ ಜೀಪು ಓಡಿಸುವ ಹುಚ್ಚು ಅವನಿಗೆ. ಹಳೆಯ ಎಂಜಿನ್ ಕಿತ್ತೆಸೆದು, ಅಪಘಾತವಾದ ಒಂದು ಕಾರಿನ ಪೆಟ್ರೋಲ್ ಎಂಜಿನ್ ಕೂರಿಸಿದ್ದ. ಆ ಎಂಜಿನ್ನಿನ ಮೂಲ ವೈರಿಂಗನ್ನು ಇಲಿ ತಿಂದಿತ್ತು. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂದು ತೀರ್ಮಾನಿಸುವ ಕಂಪ್ಯೂಟರ್ ಡಬ್ಬಿಯೂ ಹಾಳಾಗಿತ್ತು. ಅದರ ಬದಲಿಗೆ ಲ್ಯಾಪ್‌ಟಾಪಿನಲ್ಲಿ ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಹೊಸ ಇಸಿಯು ಒಂದನ್ನು ಹೊರಗಿನಿಂದ ತರಿಸಿದ್ದ. ಅದಕ್ಕೆ ಸರಿಹೊಂದುವ ಹಾಗೆ ಎಂಜಿನ್ನಿನ ತಂತಿಗಳ ಇಡೀ ಕಟ್ಟನ್ನು, ನಾವು ಹಾರ್ನೆಸ್ಸು ಅನ್ನುವುದನ್ನು, ಮೊದಲಿನಿಂದ ಕಟ್ಟಬೇಕಿತ್ತು. ಮೈಸೂರಿನಲ್ಲಿ ಮಾಡುವವರಿದ್ದರು. ಆದರೂ ದಿಲೀಪ ಹುಡುಕಿಕೊಂಡು ಬಂದದ್ದು ಇಲಿಯಾಸನನ್ನು.

ಇಲಿಯಾಸ್ ಆ ಕೆಲಸದಲ್ಲಿ ಮುಳುಗಿಯೇ ಹೋದ. ದೊಡ್ಡ ಪ್ಲೈವುಡ್ ಹಲಗೆಯ ಮೇಲೆ ಎಂಜಿನ್ನಿನ ಅಳತೆ ಬರೆದು, ಸೆನ್ಸರು ಬರುವಲ್ಲೆಲ್ಲ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಂತಿ ಎಳೆದ. ಬೆಸುಗೆ ಹಾಕಿದರೆ ಅಲುಗಾಟಕ್ಕೆ ಮುರಿಯುತ್ತದೆಂದು ಪ್ರತಿ ತುದಿಯನ್ನೂ ಇಕ್ಕಳದಿಂದ ಒತ್ತಿ ಕೂರಿಸಿದ. ಬಟ್ಟೆಯ ಟೇಪು ಸುತ್ತಿದ ಮೇಲೆ ಅದು ಹೆಣ್ಣುಮಗಳೊಬ್ಬಳ ಜಡೆಯ ಹಾಗೆ ನುಣ್ಣಗೆ ಬಂದಿತ್ತು. ಕೆ.ಆರ್. ಪೇಟೆಯ ಕಡೆಯಿಂದ ಬೇರೆ ಮೆಕ್ಯಾನಿಕ್ಕುಗಳು ಬಂದು ನೋಡಿ ಹೋದರು. ಅವರೆಲ್ಲ ಅವನ ಬೆನ್ನು ತಟ್ಟಿದರು. ಬಣ್ಣ ಹೇಳಿದವನು ನಾನು — ಇದನ್ನು ಯಾರಿಗೆ ಹೇಳಿಕೊಳ್ಳಲಿ? ಹೇಳಿದರೆ ಅವನ ಗುಟ್ಟು ಬಯಲಾಗುತ್ತಿತ್ತು. ಗುಟ್ಟು ಕಾಯುತ್ತಿದ್ದೇನೆ ಎಂಬ ನನ್ನ ಒಳ್ಳೆಯತನವೇ ನನಗೆ ಅಸಹ್ಯವಾಗತೊಡಗಿತ್ತು.

ಎಂಜಿನ್ ಚಾಲೂ ಮಾಡುವ ದಿನ ದಿಲೀಪ ಗೆಳೆಯರನ್ನೆಲ್ಲ ಕರೆತಂದ. ಫೋನುಗಳನ್ನು ಹಿಡಿದು ಸುತ್ತ ನಿಂತರು. ಇಲಿಯಾಸ್ ಜೀಪಿನ ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದ. ದಿಲೀಪ ನನ್ನ ಕಡೆ ತಿರುಗಿ ಕೈಯಾಡಿಸಿದ. "ಏಯ್, ಓಗಿ ನಮ್ಮ ಇಲಿಯಾಸಣ್ಣಂಗೆ ಒಂದು ಎಳನೀರು ತಕ್ಕಂಡ್ ಬಾರಯ್ಯ."

ನನ್ನ ಹೆಸರು ಅವನಿಗೆ ಗೊತ್ತಿರಲಿಲ್ಲ. ಅಷ್ಟು ದಿನ ಅದೇ ಅಂಗಡಿಗೆ ಬಂದು ಹೋಗುತ್ತಿದ್ದವನಿಗೆ! ಇಲಿಯಾಸ್ ಬಾನೆಟ್ಟಿನಿಂದ ತಲೆಯೆತ್ತದೆ, "ಗಂಜಿ ಇರೋದು ತತ್ತಾರ್ಲಾ," ಎಂದ, ನಗುತ್ತಾ. ಅವನದು ಬರೀ ಸಲುಗೆ. ಈಗ ಗೊತ್ತಾಗುತ್ತದೆ. ಆಗಲೂ ಗೊತ್ತಿತ್ತು.

ತಂದುಕೊಟ್ಟೆ. ಅವನು ಕುಡಿದು ಬುರುಡೆಯನ್ನು ನನ್ನ ಕೈಗೇ ಕೊಟ್ಟ.

ಆಮೇಲೆ ಆ ಎರಡು ತಂತಿಗಳು. ಉಳಿದ ಎಲ್ಲವನ್ನೂ ಇಲಿಯಾಸ್ ವೋಲ್ಟು ಅಳೆಯುವ ಮೀಟರು ಹಿಡಿದು ಪರೀಕ್ಷಿಸಿ ಮುಗಿಸಿದ್ದ. ಈ ಎರಡು ಉದ್ದ ಸಾಲದೆ ಆ ಬೆಳಿಗ್ಗೆ ಕತ್ತರಿಸಿ ಹೊಸದಾಗಿ ಜೋಡಿಸಬೇಕಾಗಿ ಬಂದಿತ್ತು. ಒಂದು ಕೆಂಪು: ಬ್ಯಾಟರಿಯ ಹನ್ನೆರಡು ವೋಲ್ಟು ತರುವುದು. ಇನ್ನೊಂದು ಹಸಿರು: ಇಸಿಯುವಿನಿಂದ ಸೆನ್ಸರುಗಳಿಗೆ ಐದೇ ವೋಲ್ಟು ಒಯ್ಯುವುದು. ಇವು ಅದಲುಬದಲಾದರೆ ಬ್ಯಾಟರಿಯ ಪೂರ್ತಿ ವಿದ್ಯುತ್ತು ಸೆನ್ಸರುಗಳ ಮೂಲಕ ಡಬ್ಬಿಯೊಳಕ್ಕೆ ನುಗ್ಗುತ್ತದೆ. ಎರಡೂ ಒಂದೇ ದಪ್ಪ.

"ಯಾವ್ದುಲಾ ಕೆಂಪು?" ಎಂದು ಮೆಲ್ಲಗೆ ಕೇಳಿದ.

"ಎಡಗಡೇದು."

ಅವನು ಅಭ್ಯಾಸಬಲದಿಂದ ಮೀಟರಿಗೆ ಕೈಚಾಚಿದ. ಮೀಟರು ನನ್ನ ಹತ್ತಿರ ಇತ್ತು. ಕೊಟ್ಟುಬಿಟ್ಟಿದ್ದರೆ — ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದೆವು. ನಾನು ಅದನ್ನು ಬೆನ್ನ ಹಿಂದೆ ಹಿಡಿದೆ. ಹೇಳಿದೆ:

"ಇದಕ್ಕೂ ಮೀಟರಾ? ನನ್ ಮ್ಯಾಲೆ ನಂಬ್ಕೆ ಇಲ್ವೇನ್ಲಾ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾಚಿಕೊಂಡ. ಹೌದು, ಅವನೇ ನಾಚಿಕೊಂಡ. "ಅಂಗಲ್ಲ ಕಣ್ಲಾ, ಸುಮ್ನೆ," ಎಂದು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ತಂತಿಗಳನ್ನು ಜೋಡಿಸಿದ. ಟೇಪು ಸುತ್ತಿದ. ಚೆನ್ನಾಗಿ ಸುತ್ತಿದ, ಎಂದಿನಂತೆ. ಅಷ್ಟು ಹೊತ್ತೂ ನನಗೆ ಅವಕಾಶವಿತ್ತು. ಕೈಯೊರೆಸಿಕೊಂಡು ಅವನು ಚಾಲಕನ ಸೀಟಿಗೆ ಹೋಗಿ ಕೂರುವವರೆಗೂ ಇತ್ತು.

ಕೀ ತಿರುಗಿಸಿದ. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ತೆಳ್ಳಗೆ ಹೊಗೆ. ದಿಲೀಪ ಕೂಗಿಕೊಂಡ. ಇಲಿಯಾಸ್ ಹಾರಿ ಬಂದು ಬ್ಯಾಟರಿ ಕಳಚಿದ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

"ಏನ್ಲಾ ಮಾಡ್ಬುಟ್ಟೆ?" ಎಂದು ದಿಲೀಪ ಅವನ ಅಂಗಿ ಹಿಡಿದ.

ಇಲಿಯಾಸ್ ಅಂಗಿ ಬಿಡಿಸಿಕೊಂಡ. ಟೇಪು ಬಿಚ್ಚಿ, ಆ ಎರಡು ತಂತಿಗಳನ್ನು ಬೆರಳಿನಲ್ಲಿ ಹಿಂದಕ್ಕೆ ತಡವುತ್ತಾ ಹೋದ. ಎಲ್ಲಿ ತಪ್ಪಿದೆಯೆಂದು ಬೆರಳಿಗೆ ತಿಳಿಯಿತು. ಆಗ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ಬೇಡಿಕೆ ಇತ್ತು. ಏನಾದರೂ ಹೇಳು, ಇಬ್ಬರೂ ಸೇರಿ ಇದನ್ನು ಹೊತ್ತುಕೊಳ್ಳೋಣ — ಅಂಥದೇನೋ. 'ಬಣ್ಣ ಹೇಳಿದ್ದು ಸಂಪತ್ತು' ಎಂದು ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

ಅಂದೇಬಿಡುತ್ತಾನೆಂದು ನಾನು ಹೆದರಿದೆ. ಹೆದರಿಕೆ ಮಾತ್ರವಲ್ಲ — ಇಲ್ಲಿ ಸುಳ್ಳು ಹೇಳಬಾರದು — ಒಂದು ಖುಷಿಯೂ ಇತ್ತು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ:

"ಅವನ್ನೇ ಕೇಳಿ, ಆ ತಂತಿ ಯಾವ ಬಣ್ಣ ಅಂತ."

ಕೆಳಗೆ ಬಿದ್ದಿದ್ದ ತಂತಿಯ ಚೂರುಗಳನ್ನು ಬಾಚಿಕೊಂಡು, ಒಂದನ್ನು ಎತ್ತಿ ಅವನ ಮುಖದ ಮುಂದೆ ಹಿಡಿದೆ. "ಇದ್ಯಾವ ಬಣ್ಣ ಏಳು ಇಲಿಯಾಸ್."

ಅವನು ಕತ್ತು ಓರೆಮಾಡಿ ಆ ಚೂರನ್ನು ನೋಡಿದ. ದಿಲೀಪನಿಗೆ ಅರ್ಥವಾಗಲಿಲ್ಲ. "ಏಳ್ಲಾ, ಕೇಳ್ತಾವ್ನಲ್ಲ," ಎಂದ. ಇಲಿಯಾಸ್ ತುಟಿ ಒರೆಸಿಕೊಂಡು "ಹಸ್ರು" ಎಂದ. ಅದು ಕೆಂಪಾಗಿತ್ತು. ಯಾರೋ ಕಿಸಕ್ಕನೆ ನಕ್ಕರು. ನಾನು ಇನ್ನೊಂದು ಎತ್ತಿದೆ. ಅದನ್ನು ಸರಿಯಾಗಿ ಹೇಳಿದ. ಅವನ ಮುಖದಲ್ಲಿ ಒಂದು ಕ್ಷಣ ಜೀವ ಬಂತು. ಮತ್ತೊಂದು ಎತ್ತಿದೆ. ತಪ್ಪಿತು. ಆಮೇಲೆ ನಾನು ಎತ್ತಬೇಕಾಗಲಿಲ್ಲ. ಅವರೇ ಶುರುಮಾಡಿದರು. ನನ್ನ ಶರ್ಟು ಯಾವ ಬಣ್ಣ ಹೇಳ್ಲಾ, ಆ ಎಲೆ ಯಾವ ಬಣ್ಣ, ರಕ್ತ ಯಾವ ಬಣ್ಣ. ಅವನ ಗಲ್ಲ ಹಿಡಿದು ಒಬ್ಬ ತನ್ನ ಬೈಕಿನ ಕಡೆ ತಿರುಗಿಸಿದ. ಇಲಿಯಾಸ್ ಒಂದಿಷ್ಟು ಹೊತ್ತು ಉತ್ತರ ಕೊಟ್ಟ. ಪರೀಕ್ಷೆಯಲ್ಲಿ ಪಾಸಾದರೆ ಬಿಟ್ಟುಬಿಡುತ್ತಾರೆಂದು ನಂಬಿದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕಷ್ಟಪಟ್ಟು ಹೇಳುತ್ತಿದ್ದ. ಆಮೇಲೆ ನಿಲ್ಲಿಸಿಬಿಟ್ಟ. ಎಲ್ಲವೂ ಫೋನುಗಳಲ್ಲಿ ದಾಖಲಾಯಿತು.

ಆ ವಿಡಿಯೊ ಅಂದು ಸಂಜೆಗೇ ಊರೂರು ಸುತ್ತಿತು. 'ಕಲರ್ ಇಲಿಯಾಸ್' ಎಂಬ ಹೆಸರು ಬಿತ್ತು. ಸಂತೆಯಲ್ಲಿ, ಬಸ್ಸಿನಲ್ಲಿ, ಮಸೀದಿಯಿಂದ ಹೊರಬರುವಾಗಲೂ ಬಿಡದೆ ಯಾರಾದರೂ ಏನಾದರೂ ತೋರಿಸಿ ಬಣ್ಣ ಕೇಳುತ್ತಿದ್ದರು. ಅವನು ಅಂಗಡಿಗೆ ಬರುವುದನ್ನು ಬಿಟ್ಟ. ಬೋರ್ಡಿನಿಂದ ಅವನ ಹೆಸರನ್ನು ಅಳಿಸಲು ನಾನು ಪೇಂಟರನ್ನು ಕರೆಸಿದೆ.

ಅವನ ತಾಯಿ ಒಂದು ದಿನ ಅಂಗಡಿಗೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು, "ನೀನ್ ಅಲ್ಲಿರ್ಲಿಲ್ವಾ ಬೇಟಾ? ನೀನ್ ಇರ್ತೀಯ ಅಂತ್ಲೇ ನಂಗೆ ಧೈರ್ಯ ಇತ್ತು," ಎಂದರು.

"ಎಳನೀರು ತರಾಕ್ ಓಗಿದ್ದೆ ಅಮ್ಮಾ," ಎಂದೆ.

ಅವರು ನಂಬಿದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟುಹೋದರು. ವಿಡಿಯೊವನ್ನು ಅವರು ನೋಡಿರಲಿಲ್ಲ, ಮಗ ತೋರಿಸಿರಲಿಲ್ಲ. ಮೊದಲ ಸುಳ್ಳಿಗಿಂತ ಈ ಸುಳ್ಳು ನನಗೆ ಸಲೀಸಾಗಿ ಬಂತು.

ವರ್ಷಗಳು ಕಳೆದವು. ಇಲಿಯಾಸ್ ಮದುವೆಯಾಗಿ ಹೆಂಡತಿಯ ಊರಾದ ಬಿಂಡಿಗನವಿಲೆಗೆ ಹೋದನೆಂದು ಕೇಳಿದೆ. ನನ್ನ ಅಂಗಡಿ ಚೆನ್ನಾಗಿಯೇ ನಡೆಯಿತು. ಹೊಸ ಇಸಿಯು ಹಾಕುವ ಕೆಲಸಗಳೂ ಬಂದವು. ಅವನು ಮಾಡುತ್ತಿದ್ದ ಹಾಗೆಯೇ ಹಲಗೆಗೆ ಮೊಳೆ ಹೊಡೆದು ಹಾರ್ನೆಸ್ಸು ಕಟ್ಟುತ್ತಿದ್ದೆ, ಜನ ಹೊಗಳುತ್ತಿದ್ದರು. ನನಗೆ ಪಶ್ಚಾತ್ತಾಪವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಮರೆತಿದ್ದೆ — ಅಥವಾ ಅದನ್ನೊಂದು ಆಕಸ್ಮಿಕವೆಂದು ನನಗೆ ನಾನೇ ಹೇಳಿಕೊಂಡು ರೂಢಿಯಾಗಿತ್ತು.

ಕಳೆದ ಬೇಸಿಗೆಯಲ್ಲಿ ಗಿರಾಕಿಯೊಬ್ಬ ಕಾಯುತ್ತಾ ಕುಳಿತು ಫೋನು ನೋಡಿ ನಗುತ್ತಿದ್ದ. "ಅಣ್ಣ, ಇದ್ ನೋಡಿದ್ಯಾ?" ಎಂದು ನನಗೂ ತೋರಿಸಿದ. ಅದೇ ವಿಡಿಯೊ. ಯಾರೋ ಅದಕ್ಕೆ ಹಾಸ್ಯದ ಸಂಗೀತ ಸೇರಿಸಿ ಮತ್ತೆ ಹರಿಬಿಟ್ಟಿದ್ದರು. ಹೊಗೆಯಾಡುವ ಜೀಪು, ಇಲಿಯಾಸನ ಕಿರಿದಾದ ಕಣ್ಣು, ಪಕ್ಕದಲ್ಲಿ ತಂತಿ ಎತ್ತಿ ಹಿಡಿದ ನಾನು. ನಾನು ನಗುತ್ತಿದ್ದೆ. ಬಾಯಿ ತುಂಬಾ. ಅವತ್ತು ನಾನು ಗಂಭೀರವಾಗಿಯೇ ಇದ್ದೆನೆಂದು ಇಷ್ಟು ವರ್ಷ ನಂಬಿದ್ದೆ. ಗಿರಾಕಿ ಫೋನಿನಿಂದ ತಲೆಯೆತ್ತಿ, "ಅರೆ, ಇದು ನೀನಲ್ವಾ?" ಎಂದ. ಹೌದು ಎಂದೆ.

ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಬಿಂಡಿಗನವಿಲೆಯ ಬಸ್ಸು ಹಿಡಿದೆ. ಬಸ್ಸು ನಿಲ್ಲುವ ಜಾಗದ ಎದುರಿಗೇ ಅವನ ಪಂಕ್ಚರ್ ಅಂಗಡಿ. ಟೈರು, ಟ್ಯೂಬು, ಗಾಳಿಯ ಪಂಪು — ಎಲ್ಲವೂ ಕಪ್ಪು. ಅಲ್ಲಿ ಯಾವುದಕ್ಕೂ ಬಣ್ಣ ಕೇಳಬೇಕಾಗಿಲ್ಲ. ಇಲಿಯಾಸನ ಗಡ್ಡ ನರೆತಿತ್ತು. ನನ್ನನ್ನು ನೋಡಿದವನು ಎದ್ದು ನಿಂತ. ಬೈಯಬಹುದೆಂದು ಮೈ ಬಿಗಿಹಿಡಿದಿದ್ದೆ. "ಸಂಪತ್ತು! ಬಾರ್ಲಾ, ಕೂತ್ಕೊ," ಎಂದು ಸ್ಟೂಲನ್ನು ಬಟ್ಟೆಯಿಂದ ಒರೆಸಿದ. ಹೆಂಡತಿಯನ್ನು ಕೂಗಿ ಟೀ ತರಿಸಿದ.

ನಾವು ಮಾತಾಡುತ್ತಿರುವಾಗ ಒಬ್ಬ ಮುದುಕ ಮೊಪೆಡ್ ತಳ್ಳಿಕೊಂಡು ಬಂದು, ಲೈಟು ಉರಿಯುತ್ತಿಲ್ಲ, ನೋಡಪ್ಪ ಎಂದ. ಇಲಿಯಾಸ್ ಅದರ ಹತ್ತಿರವೂ ಹೋಗಲಿಲ್ಲ. "ವೈರ್ ಕೆಲ್ಸ ನಂಗ್ ಬರಾಕಿಲ್ಲ ತಾತ, ನಾಗಮಂಗಲಕ್ ಓಗು," ಎಂದ. ಒಂದು ಜೀಪಿನ ನರನಾಡಿಯನ್ನೆಲ್ಲ ಹೊಸದಾಗಿ ಹೆಣೆದಿದ್ದವನು.

ಮುದುಕ ಹೋದ ಮೇಲೆ ಅವನೇ ಆ ದಿನದ ಮಾತು ತೆಗೆದ. "ಅವತ್ತಿಂದು ಮನ್ಸಲ್ಲಿ ಇಟ್ಕೋಬೇಡ ಕಣ್ಲಾ. ಎಡ ಬಲ ನಿಂಗೆ ಗಲಿಬಿಲಿ ಆಗಿರ್ತದೆ. ಒಗೆ ಬಂದಾಗ ಎದ್ರುಕೊಂಡು ನನ್ ಮ್ಯಾಲೆ ಆಕ್ಬುಟ್ಟೆ. ನಾನಾಗಿದ್ರೂ ಅಂಗೇ ಮಾಡ್ತಿದ್ನೇನೋ, ಯಾರಿಗ್ ಗೊತ್ತು. ನಾನು ಆವತ್ತೇ ಬುಟ್ಬುಟ್ಟೆ."

ಅಲ್ಲಿಗೆ ಎದ್ದು ಬಂದುಬಿಡಬಹುದಿತ್ತು. ಕ್ಷಮೆ ಸಿಕ್ಕಿತ್ತು. ಆದರೆ ಅದು ನಾನು ಮಾಡದ ತಪ್ಪಿಗೆ ಸಿಕ್ಕ ಕ್ಷಮೆ.

"ಗಲಿಬಿಲಿ ಆಗ್ಲಿಲ್ಲ ಇಲಿಯಾಸ್," ಎಂದೆ. "ಬೇಕೂಂತ್ಲೇ ಏಳ್ದೆ. ಮೀಟ್ರುನೂ ಬೇಕೂಂತ್ಲೇ ಕೊಡ್ಲಿಲ್ಲ."

ಅವನ ಕೈಯಲ್ಲಿ ಟೀ ಲೋಟ ಇತ್ತು. ಅದನ್ನು ಕೆಳಗಿಟ್ಟ. ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು. ಅವನ ಹೆಂಡತಿ ಲೋಟ ತೆಗೆದುಕೊಳ್ಳಲು ಬಂದವಳು ಗಂಡನ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದಳು.

"ನಗ್ತಿದ್ದಲ್ಲ," ಎಂದ ಕೊನೆಗೆ. "ನಾನ್ ನೋಡ್ದೆ. ಎದ್ರುಕೊಂಡೋರು ಒಂದೊಂದ್ ಸಲ ನಗ್ತಾರೆ, ಅಂಗೆ ಇರ್ಬೇಕು ಅಂದ್ಕಂಡೆ." ಆಮೇಲೆ ನನ್ನ ಕಡೆ ತಿರುಗಿ, "ಇದ್ನ ನಂಗ್ಯಾಕ್ಲಾ ಬಂದ್ ಏಳ್ದೆ? ನಿನ್ ಎದ್ರಿಕೆ ಅಂದ್ಕಂಡು ಎಂಗೋ ಬದುಕ್ತಿದ್ನಲ್ಲ. ಅಷ್ಟಾದ್ರೂ ಇರ್ತಿತ್ತು ನಂಗೆ."

ಕಾಲು ಹಿಡಿಯಲು ಬಾಗಿದೆ. ಅವನು ಸ್ಟೂಲನ್ನು ಹಿಂದಕ್ಕೆ ಸರಿಸಿಕೊಂಡ. "ಬ್ಯಾಡ. ಓಗು," ಎಂದ. ದನಿ ಏರಿರಲಿಲ್ಲ. ನಾನು ಬಸ್ಸಿಗೆ ಕಾಯುತ್ತಾ ರಸ್ತೆಯ ಆಚೆಗೆ ನಿಂತಿದ್ದಾಗ ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಹೋದ. ಹಾಡಹಗಲೇ.

ನಾನು ನನ್ನ ಹೊರೆ ಇಳಿಸಿಕೊಳ್ಳಲು ಹೋಗಿ ಅವನ ಬಳಿ ಉಳಿದಿದ್ದ ಒಂದನ್ನೂ ಕಿತ್ತುಕೊಂಡು ಬಂದಿದ್ದೆ. ಗೆಳೆಯನೊಬ್ಬ ಹೇಡಿಯಾದ ಎಂದು ನಂಬಿ ಅವನು ಅಷ್ಟು ವರ್ಷ ನೂಕಿದ್ದ. ಈಗ ಆ ಗೆಳೆಯನೂ ಇಲ್ಲ.

ಮರುದಿನ ಸಿಂಧಘಟ್ಟಕ್ಕೆ ಹೋದೆ. ದಿಲೀಪ ಮನೆಯ ಮುಂದೆ ನಾಲ್ಕಾರು ಜನರ ನಡುವೆ ಕುಳಿತಿದ್ದ. ಈ ಸಲ ನನ್ನ ಹೆಸರು ಹಿಡಿದು ಕರೆದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಇಸಿಯು ಸುಟ್ಟದ್ದು ನಾನು, ಇಲಿಯಾಸ್ ಅಲ್ಲ. ಅವನು ಕಟ್ಟಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ ಎಂದೆ.

ದಿಲೀಪ ತಲೆ ಕೆರೆದುಕೊಂಡ. "ಆ ಜೀಪ್ನೇ ಮಾರ್ಬುಟ್ಟೆ ಕಣಣ್ಣ, ಎಷ್ಟೋ ಕಾಲ ಆಯ್ತು. ಈಗ್ಯಾಕೆ ಅದೆಲ್ಲ? ಬುಡು." ಆಮೇಲೆ ಏನೋ ನೆನಪಾಗಿ, "ಆದ್ರೂ ಅವನ್ಗೆ ಬಣ್ಣ ಕಾಣಾಕಿಲ್ಲ ಅನ್ನೋದು ನಿಜ ತಾನೆ?" ಎಂದು ಕೇಳಿದ. ಸುತ್ತ ಕುಳಿತವರು ನಕ್ಕರು.

ನನ್ನ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೆಂದು ಹೋಗಿದ್ದೆ. ಆದರೆ ಅವತ್ತು ನಾನು ಬೀದಿಯಲ್ಲಿ ಎತ್ತಿ ಹಿಡಿದದ್ದು ಸುಳ್ಳನ್ನಲ್ಲ, ನಿಜವನ್ನು; ಇಲಿಯಾಸ್ ನಂಬಿ ನನ್ನ ಕೈಗೆ ಕೊಟ್ಟಿದ್ದ ನಿಜವನ್ನು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

"ಫೋನ್ ತೆಗಿ," ಎಂದೆ ದಿಲೀಪನಿಗೆ. "ನಾನ್ ಏಳೋದ್ನೂ ವಿಡಿಯೊ ಮಾಡು. ಅದ್ನ ಕಳ್ಸಿದ್ ಕಡೀಕೆಲ್ಲ ಇದ್ನೂ ಕಳ್ಸು." ಅವನು ತಮಾಷೆಗೆಂಬಂತೆ ಫೋನು ಹಿಡಿದ. ನನ್ನ ಹೆಸರು, ಊರು, ಅಂಗಡಿ ಹೇಳಿ, ಮಾಡಿದ್ದನ್ನು ಹೇಳಿದೆ. ಕಳಿಸಿದ. ಅದನ್ನು ಪೂರ್ತಿ ನೋಡಿದವರು ಹೆಚ್ಚಿಲ್ಲ. ಉದ್ದವಾಯಿತು, ನಗು ಬರುವಂಥದ್ದೇನೂ ಇಲ್ಲ ಎಂದರಂತೆ. ಹಳೆಯದು ಈಗಲೂ ಸುತ್ತುತ್ತಿದೆ.

ಬಿಂಡಿಗನವಿಲೆಗೆ ಅದು ತಲುಪಿತೋ ಇಲ್ಲವೋ ತಿಳಿಯದು. ಅವನಿಂದ ಫೋನು ಬಂದಿಲ್ಲ. ನಾನೂ ಮಾಡಿಲ್ಲ; ಮತ್ತೆ ಅವನೆದುರು ಹೋಗಿ ನಿಲ್ಲುವುದೂ ಇಲ್ಲ. ಹೋದರೆ ಅದು ನನಗಾಗಿಯೇ ಹೊರತು ಅವನಿಗಾಗಿ ಅಲ್ಲವೆಂದು ಈಗ ಗೊತ್ತಾಗಿದೆ. ಅಂಗಡಿಗೆ ಬಂದವರು ಆ ವಿಡಿಯೊದ ಮಾತೆತ್ತಿ ನಕ್ಕರೆ ಕೆಲಸ ನಿಲ್ಲಿಸಿ, ಅದರಲ್ಲಿ ತಂತಿ ಹಿಡಿದು ನಿಂತವನು ಯಾರು, ಅವನು ಏನು ಮಾಡಿದ ಎಂದು ಮೊದಲಿನಿಂದ ಹೇಳುತ್ತೇನೆ. ಕೆಲವರು ಕೇಳಿಸಿಕೊಂಡು ಸುಮ್ಮನಾಗುತ್ತಾರೆ. ಕೆಲವರು ಗಾಡಿಯನ್ನು ಬೇರೆ ಕಡೆಗೆ ಒಯ್ಯುತ್ತಾರೆ. ಒಯ್ಯಲಿ.